ಅಪ್ಪ ಡ್ಯೂಟಿಯಿಂದ ಬಂದಮೇಲೆ ದೀಪಾವಳಿ

ಮೊನ್ನೆ ದೀಪಾವಳಿಗೆ ಬಳ್ಳಾರಿಯ ತವರಿಗೆ ಹೊರಟು ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕಿ ಬಂದು ಕೂತಳು. ಹಣೆಯ ತುಂಬ ವಿಭೂತಿ, ಅದರ ಕೆಳಗೆ ಕಣ್ಣಿನ ಆಪರೇಷನ್ ಆದವರಿಗೆ ಕೊಡುತ್ತಾರಲ್ಲ, ಅಂಥ ಕಪ್ಪು ಕನ್ನಡಕ. ನಾನು ನೋಡುತ್ತಿದ್ದುದು ಅವಳಿಗೆ ಹೇಗೋ ಗೊತ್ತಾಯಿತು. "ಏನ್ ನೋಡಾಕತ್ತೀಯವ್ವ? ಸಿನಿಮಾದಾಕಿ ಕಂಡಂಗ ಕಾಣ್ತೀನೇನು?" ಎಂದಳು. ಜೋರಾಗಿ ನಕ್ಕುಬಿಟ್ಟೆ. ಬಸ್ಸು ಬಂತು, ಅವಳು ಯಾವ ಊರಿನವಳೆಂದು ಕೇಳುವುದನ್ನೂ ಮರೆತು ಹತ್ತಿದೆ. ಕಿಟಕಿಯಾಚೆ ಭತ್ತದ ಗದ್ದೆಗಳು ಓಡುತ್ತಿದ್ದವು. ನನಗೆ ಮಾತ್ರ ದಾರಿಯುದ್ದಕ್ಕೂ ಅಪ್ಪನ ತಾಯಿ, ಕುರುಗೋಡಿನ ನಮ್ಮ ಅಜ್ಜಿಯದೇ ನೆನಪು. ಅವಳೂ ಒಂದು ದೀಪಾವಳಿಯನ್ನು ಇಂಥದೇ ಕನ್ನಡಕ ಹಾಕಿಕೊಂಡು ಮಾಡಿದ್ದಳು.

ಅದನ್ನು ಹೇಳಬೇಕಾದರೆ ಮೊದಲು ನಮ್ಮ ಮನೆಯ ಗಡಿಯಾರದ ವಿಷಯ ಹೇಳಬೇಕು. ನಮ್ಮಪ್ಪ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಆಪರೇಟರ್ ಆಗಿದ್ದರು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ಬಳ್ಳಾರಿಯ ನಮ್ಮ ಎರಡು ಕೋಣೆಯ ಮನೆಯೂ ಅದರ ಹಿಂದೆಯೇ ತಿರುಗುತ್ತಿತ್ತು. ರಾತ್ರಿ ಪಾಳಿಯ ವಾರ ಅಪ್ಪ ಬೆಳಿಗ್ಗೆ ಬಂದು, ಒಗ್ಗರಣೆ ಮಂಡಕ್ಕಿ ತಿಂದು, ಮಲಗುತ್ತಿದ್ದರು. ಆಮೇಲೆ ಸಂಜೆಯವರೆಗೆ ಮನೆಯಲ್ಲಿ ಯಾರೂ ದನಿ ಎತ್ತುವಂತಿರಲಿಲ್ಲ. ಅಮ್ಮ ಕಿಟಕಿಗೆ ಒದ್ದೆ ಚಾದರ ಕಟ್ಟುತ್ತಿದ್ದಳು. ಬಳ್ಳಾರಿಯ ಬಿಸಿಲು ನಿಮಗೆ ಗೊತ್ತಲ್ಲ, ಆ ಚಾದರ ಮತ್ತೆ ಮತ್ತೆ ಒಣಗುತ್ತಿತ್ತು, ಅವಳು ಮತ್ತೆ ಮತ್ತೆ ತೋಯಿಸುತ್ತಿದ್ದಳು. ತರಕಾರಿ ಮಾರುವವಳು ಕೂಡ ನಮ್ಮ ಬಾಗಿಲ ಮುಂದೆ ಬಂದಾಗ ಕೂಗು ನಿಲ್ಲಿಸಿ, ಮುಂದಿನ ಮನೆ ದಾಟಿದ ಮೇಲೆ ಮತ್ತೆ ಶುರು ಮಾಡುತ್ತಿದ್ದಳು. ನಾನೂ ನನ್ನ ತಮ್ಮನೂ ಸದ್ದಿಲ್ಲದೆ ಜಗಳವಾಡುವುದರಲ್ಲಿ ಪಳಗಿದ್ದೆವು. ಅವನು ಚಿವುಟಿದರೆ ನಾನು ಬಾಯಿ ಮಾತ್ರ ತೆರೆದು ಅಳುತ್ತಿದ್ದೆ, ದನಿ ಹೊರಡುತ್ತಿರಲಿಲ್ಲ. ನಮ್ಮ ಓಣಿಯವರೆಲ್ಲ ನಮ್ಮನ್ನು ಬಹಳ ಸಂಸ್ಕಾರವಂತ ಮಕ್ಕಳೆಂದು ತಿಳಿದಿದ್ದರು. ಆ ಹೆಸರನ್ನು ನಾವು ಕೆಡಿಸಿಕೊಳ್ಳಲಿಲ್ಲ.

ಹಬ್ಬಗಳು ಮಾತ್ರ ಪಾಳಿ ನೋಡಿ ಬರುವುದಿಲ್ಲವಲ್ಲ. ನಾವು ಚಿಕ್ಕವರಿದ್ದಾಗ ದೀಪಾವಳಿಗೆ ಕುರುಗೋಡಿಗೆ ಹೋಗುತ್ತಿದ್ದೆವು. ಗುಡ್ಡದ ಬುಡದಲ್ಲಿ ಅಜ್ಜಿಯ ಕಲ್ಲಿನ ಮನೆ. ನರಕ ಚತುರ್ದಶಿಯ ದಿನ ಸೂರ್ಯ ಹುಟ್ಟುವ ಮುಂಚೆ ಎಲ್ಲರಿಗೂ ಎಣ್ಣೆ ಹಚ್ಚಿ, ನೀರು ಹಾಕಿ, ಆರತಿ ಬೆಳಗಿ ಮುಗಿಯಬೇಕು. ಅಜ್ಜಿಯ ಹತ್ತಿರ ಅದಕ್ಕೆ ರಿಯಾಯಿತಿ ಇರಲಿಲ್ಲ. ಅಪ್ಪ ಮಾತ್ರ ಹಬ್ಬ ಮುಗಿದ ಮೇಲೆ ಬಂದು, ತಣ್ಣಗಾದ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು. "ಹಿಂಗೂ ಚೊಲೋ ಇರ್ತಾವ" ಎನ್ನುತ್ತಿದ್ದರು. ಅಪ್ಪ ಹಾಗೆ ಹೇಳಿದಾಗೆಲ್ಲ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ವರ್ಷ ಅಮ್ಮ ಕುರುಗೋಡಿಗೆ ಹೊರಡಲೇ ಇಲ್ಲ. ಹೆಚ್ಚು ಮಾತಿನವಳಲ್ಲ ನಮ್ಮಮ್ಮ. ಸಿರುಗುಪ್ಪದ ಕಡೆಯವಳು, ಹೊಳೆದಂಡೆಯ ಊರಲ್ಲಿ ಬೆಳೆದವಳು. ಅಂದು ಫೋನಿನಲ್ಲಿ ಅತ್ತೆಗೆ ಇಷ್ಟೇ ಹೇಳಿದಳು. "ಅವರಿಗೆ ರಜಾ ಇದ್ದ ದಿನ ನಮ್ಮನ್ಯಾಗ ಹಬ್ಬ ಮಾಡ್ತೀನ್ರಿ ಅತ್ತಿ. ಅವರನ್ನ ಬಿಟ್ಟು ಆರತಿ ಯಾರಿಗೆ ಬೆಳಗ್ಲಿ?"

ಅಜ್ಜಿಯ ದನಿ ಫೋನಿನ ಹೊರಗೂ ಕೇಳುತ್ತಿತ್ತು. "ಹಬ್ಬ ಅನ್ನೂದು ನಿನ್ನ ಗಂಡನ ಕೈಯಾಗಿನ ಸ್ವಿಚ್ಚೇನವ್ವ, ಬೇಕಾದಾಗ ಒತ್ತಾಕ?"

ಅಲ್ಲಿಂದ ಇಬ್ಬರ ನಡುವೆ ಮಾತು ತೆಳುವಾಯಿತು. ಅಜ್ಜಿ ಹಬ್ಬದ ದಿನ ಬಸ್ಸಿನವರ ಕೈಯಲ್ಲಿ ಕರಿಗಡುಬು ಕಳಿಸುತ್ತಿದ್ದಳು, ತಾನು ಬರುತ್ತಿರಲಿಲ್ಲ. ನಾವು ಓಣಿಯಲ್ಲಿ ಪಟಾಕಿಯ ಸದ್ದೆಲ್ಲ ಅಡಗಿದ ಮೇಲೆ, ಯಾವುದೋ ಬುಧವಾರ ದೀಪಾವಳಿ ಮಾಡುತ್ತಿದ್ದೆವು. ಶಾಲೆಗೆ ಎಣ್ಣೆತಲೆ, ಹೊಸ ಬಟ್ಟೆಯಲ್ಲಿ ಹೋದರೆ ಗೆಳತಿಯರು, "ನಿಮ್ಮ ಕ್ಯಾಲೆಂಡರ್ ಯಾವ ದೇಶದ್ದು?" ಎಂದು ಕೇಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಅಮ್ಮ ಯಾಕೆ ಎಲ್ಲರಂತೆ ಇರಬಾರದು ಎಂದು ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ವರ್ಷ ದೀಪಾವಳಿಗೆ ಸ್ವಲ್ಪ ಮೊದಲು ಅಜ್ಜಿಯ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಪರೇಷನ್ ಬಳ್ಳಾರಿಯಲ್ಲೇ ಆಯಿತು. ಆಮೇಲೆ ಧೂಳಿನಲ್ಲಿ ಓಡಾಡಬಾರದು, ತಲೆಗೆ ನೀರು ಹಾಕಬಾರದು ಎಂದರು ಡಾಕ್ಟರು. ಬೇರೆ ದಾರಿಯಿಲ್ಲದೆ ಅಜ್ಜಿ ನಮ್ಮ ಮನೆಯಲ್ಲೇ ಉಳಿದಳು. ಅದು ಅಪ್ಪನ ರಾತ್ರಿ ಪಾಳಿಯ ವಾರ.

ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯ ಮೂಲೆಯ ಮಂಚದ ಮೇಲೆ ದಿನವಿಡೀ ಕೂತಿರುತ್ತಿದ್ದಳು. ಕಣ್ಣಿಗೆ ಕೆಲಸವಿಲ್ಲದ್ದರಿಂದ ಕಿವಿಯಿಂದಲೇ ಮನೆಯನ್ನೆಲ್ಲ ತಿಳಿದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅಪ್ಪ ಒಳಗೆ ಮಲಗಿದ್ದರು, ಅಮ್ಮ ಹಬ್ಬಕ್ಕೆಂದು ಬೇಳೆ ಆರಿಸುತ್ತಿದ್ದಳು. ಅಜ್ಜಿ ಪಿಸುದನಿಯಲ್ಲಿ ಕೇಳಿದಳು.

"ಕುಕ್ಕರ್ ಐತಿ ಅಂತಿದ್ರಿ. ಸೀಟಿನಾ ಕೇಳಂಗಿಲ್ಲಲ್ಲ?"

"ಅವರು ಮಕ್ಕೊಂಡಾಗ ಪಾತ್ರ್ಯಾಗ ಬೇಯಿಸ್ತೀನ್ರಿ."

ಅಜ್ಜಿ ಮತ್ತೆ ಕೇಳಿದಳು. "ನಿನ್ನ ಗಾಜಿನ ಬಳಿ ಸಪ್ಪಳ ಯಾಕ ಇಲ್ಲ? ಕೈ ಖಾಲಿ ಐತೇನು?"

ಅಮ್ಮ ಎದ್ದು ಹೋಗಿ ಅಜ್ಜಿಯ ಕೈ ಹಿಡಿದು ತನ್ನ ಮುಂಗೈ ಮೇಲೆ ಇಟ್ಟುಕೊಂಡಳು. ಗಾಜಿನ ಬಳೆಗಳನ್ನೆಲ್ಲ ಮೇಲಕ್ಕೆ ಸರಿಸಿ, ಒಂದು ಹಳೆ ಕರವಸ್ತ್ರದಿಂದ ಸುತ್ತಿ ಕಟ್ಟಿದ್ದಳು. ಒಂದಕ್ಕೊಂದು ತಾಗಿ ಸದ್ದಾಗಬಾರದೆಂದು. ನಾನು ಹುಟ್ಟಿದಾಗಿನಿಂದ ನೋಡಿದ್ದೆ, ಆದರೆ ಎಲ್ಲರ ಅಮ್ಮಂದಿರೂ ಹಾಗೇ ಕಟ್ಟುತ್ತಾರೆಂದು ತಿಳಿದಿದ್ದೆ. ಅಜ್ಜಿ ಆ ಕರವಸ್ತ್ರದ ಗಂಟಿನ ಮೇಲೆ ಬೆರಳಾಡಿಸಿದಳು.  ಆ ದಿನ ಸಂಜೆಯವರೆಗೂ ಅವಳು ಒಂದು ಸಲವೂ ಕೆಮ್ಮಲಿಲ್ಲ. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಚತುರ್ದಶಿ ಬಂತು. ಅಜ್ಜಿ ಮನೆಯಲ್ಲಿದ್ದುದರಿಂದ ಆ ವರ್ಷ ಅಪ್ಪನ ರಜೆಗೆ ಕಾಯದೆ ಅಂದೇ ಹಬ್ಬವೆಂದು ಅಮ್ಮ ಒಪ್ಪಿದ್ದಳು. ಅಪ್ಪ ಬೆಳಿಗ್ಗೆ ಪಾಳಿ ಮುಗಿಸಿ ಬರುವವರಿದ್ದರು, ಬಂದ ಕೂಡಲೇ ಎಣ್ಣೆ ಸ್ನಾನ. ಸೂರ್ಯ ಹುಟ್ಟಿ ಹೋಗಿರುತ್ತದೆಂದು ಅಜ್ಜಿ ಗೊಣಗಿದರೂ ಮೊದಲಿನ ಬಿಸಿ ಇರಲಿಲ್ಲ. ಹಂಡೆಯಲ್ಲಿ ನೀರು ಕಾಯುತ್ತಿತ್ತು, ಹೂರಣ ರುಬ್ಬಿಟ್ಟಿತ್ತು. ಆಗ ಅಪ್ಪನ ಫೋನು ಬಂತು. ಬೆಳಗಿನ ಪಾಳಿಗೆ ಬರಬೇಕಾದವನ ಮಗುವಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಿದ್ದಾರೆ, ಅವನ ಬದಲು ನಾನೇ ಉಳಿಯುತ್ತೇನೆಂದು ಒಪ್ಪಿಕೊಂಡಿದ್ದೇನೆ ಎಂದರು. ಅಮ್ಮ, "ಕೂಸು ಹೆಂಗೈತಂತ್ರಿ?" ಎಂದು ಕೇಳಿದಳು. ಫೋನು ಇಟ್ಟು ಒಲೆ ಆರಿಸಿದಳು.

ತಮ್ಮ ಪಟಾಕಿಯ ಚೀಲವನ್ನು ಒದ್ದ. ನಾನು ಹೊಸ ಲಂಗವನ್ನು ಮಡಿಸಿ ಮಂಚದ ಮೇಲೆ ಎಸೆದೆ. ಅಮ್ಮ ನಮ್ಮಿಬ್ಬರಿಗೂ ಮಂಡಕ್ಕಿ ಕಲಸಿ ಕೊಟ್ಟಳು. ತಾನು ಮಾತ್ರ ನೀರನ್ನೂ ಮುಟ್ಟಲಿಲ್ಲ. ಅಜ್ಜಿ ಈಗ ಖಂಡಿತ ಏನಾದರೂ ಅನ್ನುತ್ತಾಳೆ, ಇಬ್ಬರಿಗೂ ಜಗಳವಾಗುತ್ತದೆ ಎಂದು ಕಾಯುತ್ತಿದ್ದೆ. ಅಜ್ಜಿ ಮಂಚದಿಂದ ಕಾಲು ಕೆಳಗಿಟ್ಟು ಕೇಳಿದಳು. "ಕುಡತಿನಿಗೆ ಬಸ್ಸು ಎಲ್ಲಿಂದ ಹೊಕ್ಕಾವು?"

ಅಮ್ಮನಿಗೆ ಅರ್ಥವಾಗಲಿಲ್ಲ. "ಯಾಕ್ರಿ ಅತ್ತಿ?"

"ಯಾಕಂದ್ರ? ಅವ ಬರಾಕ ಆಗಂಗಿಲ್ಲ ಅಂದ್ರ ನಾವು ಹೋಗೂಣು. ಹೋಳಿಗಿ ಸುಡು ಲಗೂನ. ಎಣ್ಣಿ ಬಟ್ಲ ತಗೋ."

"ಡಾಕ್ಟ್ರು ಧೂಳಿನಾಗ ಹೋಗಬ್ಯಾಡ ಅಂದಾರ್ರಿ."

"ಡಾಕ್ಟ್ರಿಗೆ ಅವರವ್ವ ಎಣ್ಣಿ ಹಚ್ಚಿರ್ತಾಳವ್ವ ಇಷ್ಟೊತ್ತಿಗೆ. ನನ್ನ ಮಗಗ ಯಾರು ಹಚ್ಚತಾರ?"

ಹೀಗೆ ನಮ್ಮ ದೀಪಾವಳಿ ಬಸ್ಸು ಹತ್ತಿತು. ಡಬ್ಬಿಯಲ್ಲಿ ಹೋಳಿಗೆ, ಅಮ್ಮನ ಮಡಿಲಲ್ಲಿ ಬಟ್ಟೆ ಮುಚ್ಚಿದ ಆರತಿ ತಟ್ಟೆ, ತಮ್ಮನ ಕೈಯಲ್ಲಿ ಎಣ್ಣೆಯ ಬಾಟಲಿ, ನನ್ನ ಕೈಯಲ್ಲಿ ಅಜ್ಜಿ. ಕನ್ನಡಕದ ಮೇಲೆ ಸೆರಗು ಹೊದ್ದು ಅವಳು ಕಂಡಕ್ಟರನಿಗೆ, "ಮಗನ ಫ್ಯಾಕ್ಟರಿ ಬಂದ ಕೂಡ್ಲೆ ನಿಲ್ಲಸ್ರಿ" ಎಂದು ಅಪ್ಪನದೇ ಸ್ಥಾವರವೆಂಬಂತೆ ಆಜ್ಞೆ ಮಾಡಿದಳು.

ಗೇಟಿನಲ್ಲಿ ಕಾವಲುಗಾರ ತಡೆದ. ವಯಸ್ಸಾದ ಮನುಷ್ಯ. "ಒಳಗ ಬಿಡಾಂಗಿಲ್ರಿ ಅಮ್ಮಾರ, ರೂಲ್ಸು" ಎಂದ. ತಟ್ಟೆ ನೋಡಿದ, ಅಜ್ಜಿಯನ್ನು ನೋಡಿದ, ಅಪ್ಪನ ಹೆಸರು ಕೇಳಿ ಒಳಗೆ ಫೋನು ಮಾಡಿದ. ನಾವು ರಸ್ತೆಯಾಚೆ ಬೇವಿನ ಮರದ ಕೆಳಗೆ ನಿಂತೆವು. ಅಪ್ಪ ಊಟದ ಬಿಡುವಿನಲ್ಲಿ ಹೊರಗೆ ಬಂದರು. ಹೆಲ್ಮೆಟ್ಟು, ದಪ್ಪ ಬೂಟು, ಹುಬ್ಬಿನ ಮೇಲೆ ಬೂದಿಯ ಪುಡಿ. ನಾನು ಅಪ್ಪನನ್ನು ಆ ವೇಷದಲ್ಲಿ ಅದೇ ಮೊದಲು ನೋಡಿದ್ದು. ಏನೋ ಕೆಟ್ಟ ಸುದ್ದಿಯೆಂದು ಹೆದರಿ ಓಡುತ್ತಲೇ ಬಂದಿದ್ದರು.

"ಏನಾತವ್ವ?"

"ದೀಪಾವಳಿ ಆತು. ಟೊಪ್ಪಿಗಿ ತಗಿ" ಎಂದಳು ಅಜ್ಜಿ.

ಅಪ್ಪ ಹೆಲ್ಮೆಟ್ಟು ತೆಗೆದು, ಚಿಕ್ಕ ಹುಡುಗನಂತೆ ಮರದ ಬೇರಿನ ಮೇಲೆ ಕೂತರು. ಅಜ್ಜಿ ತಡವರಿಸುತ್ತ ಅವರ ನೆತ್ತಿ ಹುಡುಕಿ ಎಣ್ಣೆ ಒತ್ತಿದಳು. ಲಾರಿಗಳು ಹೋದಾಗಲೆಲ್ಲ ಗಾಳಿಗೆ ಬತ್ತಿ ಆರುತ್ತಿತ್ತು. ಕಾವಲುಗಾರ ತಾನಾಗಿ ರಸ್ತೆ ದಾಟಿ ಬಂದು ಗಾಳಿಗೆ ಬೆನ್ನು ಕೊಟ್ಟು ನಿಂತ. ಅಮ್ಮ ಆರತಿ ಬೆಳಗಿದಳು. ತಟ್ಟೆಯಲ್ಲಿ ಏನಾದರೂ ಹಾಕಬೇಕಲ್ಲ, ಅಪ್ಪ ಜೇಬೆಲ್ಲ ತಡಕಿದರು. ಪಾಕೀಟು ಒಳಗಿತ್ತು. ಕೊನೆಗೆ ಜೇಬಿನ ಪೆನ್ನನ್ನೇ ತೆಗೆದು ತಟ್ಟೆಯಲ್ಲಿ ಇಟ್ಟರು. ಅಮ್ಮ ನಕ್ಕಳು. ಅಮ್ಮ ಬೀದಿಯಲ್ಲಿ ನಿಂತು ಹಾಗೆ ದನಿ ತೆಗೆದು ನಕ್ಕದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಕಾವಲುಗಾರ ಹೊರಡಲು ತಿರುಗಿದ. ಅಜ್ಜಿಗೆ ಬೂಟಿನ ಸದ್ದು ಕೇಳಿಸಿತು. "ಅವರನ್ನ ಯಾಕ ಬಿಡ್ತಿ? ಅವರೂ ಮನಿ ಬಿಟ್ಟು ಬಂದಾರ" ಎಂದಳು ಅಮ್ಮನಿಗೆ. ಆ ಮನುಷ್ಯ ಬೇಡವೆನ್ನಲಿಲ್ಲ. ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ ನಿಂತ. ಅಮ್ಮ ಅವನ ಹಣೆಗೂ ಕುಂಕುಮವಿಟ್ಟು ಆರತಿ ಬೆಳಗಿದಳು. ಕೈಯಲ್ಲಿಟ್ಟ ಹೋಳಿಗೆಯನ್ನು ಅವನು ಅಲ್ಲಿ ತಿನ್ನಲಿಲ್ಲ, ಕಾಗದದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡ.

ಮರಳುವಾಗ ಅಜ್ಜಿ ಬಸ್ಸಿನಲ್ಲಿ ಅಮ್ಮನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಮರುವರ್ಷದಿಂದ ಶ್ರಾವಣ ಕಳೆದ ಕೂಡಲೇ ಕುರುಗೋಡಿನಿಂದ ಫೋನು ಬರತೊಡಗಿತು. "ಈ ಸಲ ನಮ್ಮ ದೀಪಾವಳಿ ಯಾವತ್ತು ಬರ್ತೈತವ್ವ, ಕೇಳಿ ಹೇಳು." ಕುರುಗೋಡಿನಲ್ಲಿ ಓಣಿಯವರು ಆಡಿಕೊಂಡರೆ ಅಜ್ಜಿ ಅವರಿಗೆ, "ನಿಮ್ಮ ಮನ್ಯಾಗ ಲೈಟ್ ಹತ್ತಲಿ ಅಂತ ನನ್ನ ಮಗ ಅಲ್ಲಿ ನಿಂತಾನ. ಅವ ಬಂದಮ್ಯಾಲೆ ನಮ್ಮದು" ಎನ್ನುತ್ತಿದ್ದಳಂತೆ. ಇದ್ದಷ್ಟು ವರ್ಷ ಹಾಗೇ ನಡೆಸಿದಳು. ಈಗ ಅವಳಿಲ್ಲ.

ಅಪ್ಪ ಈ ವರ್ಷ ನಿವೃತ್ತರಾದರು. ಅದಕ್ಕೇ ನಾನು ಮೊನ್ನೆ ತವರಿಗೆ ಹೋದದ್ದು. ಪಾಳಿಯಿಲ್ಲದ ಮೊದಲ ದೀಪಾವಳಿಯನ್ನು ಕಣ್ಣಾರೆ ನೋಡಿ, ಅಂದೇ ಬೆಳಗಿನ ಬಸ್ಸಿಗೆ ಗಂಡನ ಮನೆಗೆ, ಸಿರುಗುಪ್ಪಕ್ಕೆ, ಮರಳುವ ಲೆಕ್ಕ. ಗಂಡನಿಗೆ ಭತ್ತದ ಕೊಯ್ಲು, ಅವರು ಬರುವ ಹಾಗಿರಲಿಲ್ಲ. ಅಪ್ಪ ಸೂರ್ಯ ಹುಟ್ಟುವ ಮುಂಚೆಯೇ ಎದ್ದು, ಪಂಚೆ ಉಟ್ಟು, ಮಣೆಯ ಮೇಲೆ ಕೂತರು. ಕೂತವರು ಮೇಲಕ್ಕೆ ನೋಡಿದರು. ಮಹಡಿಯ ಮೇಲೆ ಬಾಡಿಗೆಗೆ ಇರುವ ಹುಡುಗಿ ಆಸ್ಪತ್ರೆಯಲ್ಲಿ ನರ್ಸು. ಒಬ್ಬಳೇ ಇರುತ್ತಾಳೆ.

"ಮ್ಯಾಲೆ ಇನ್ನಾ ಲೈಟ್ ಹಾಕಿಲ್ಲಲ್ಲ" ಎಂದರು ಅಪ್ಪ.

"ನೈಟ್ ಡ್ಯೂಟಿ ಐತ್ರಿ ಅಕಿದು" ಎಂದಳು ಅಮ್ಮ.

 ಅಪ್ಪ ಮಣೆಯಿಂದ ಎದ್ದು ಪೇಪರು ಹಿಡಿದರು. ಅಮ್ಮ ಎಣ್ಣೆಯ ಬಟ್ಟಲನ್ನು ಒಲೆಯ ಪಕ್ಕಕ್ಕೆ ಸರಿಸಿಟ್ಟಳು. ನನ್ನ ಬಸ್ಸಿನ ಹೊತ್ತು ಮೀರಿತು. ಬಿಸಿಲು ಅಂಗಳಕ್ಕೆ ಬಂದಮೇಲೆ ಆ ಹುಡುಗಿ ಕಾಲೆಳೆಯುತ್ತ ಗೇಟು ತೆರೆದಳು. ಅಮ್ಮ ಅವಳನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ. ಎಳೆದು ತಂದು ಮಣೆಯ ಮೇಲೆ ಕೂರಿಸಿ, ಜಡೆ ಬಿಚ್ಚಿ, ಬಿಸಿ ಎಣ್ಣೆ ಹಚ್ಚತೊಡಗಿದಳು. ಹುಡುಗಿ, "ನೀವ್ಯಾಕ್ರಿ ಇಷ್ಟೊತ್ತು ಕಾದ್ರಿ ಆಂಟಿ?" ಎನ್ನುತ್ತಲೇ ಅತ್ತುಬಿಟ್ಟಳು. ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ ನನಗೆ ಆಗ ಹೊಳೆಯಿತು. ಇಷ್ಟು ವರ್ಷ ಅಮ್ಮ ಕಾದಳು. ಅಮ್ಮನಿಗಾಗಿ ಮಾತ್ರ ಯಾವ ಹಬ್ಬವೂ ಕಾದದ್ದಿಲ್ಲ. ಅವಳು ಯಾವಾಗಲೂ ಮನೆಯಲ್ಲೇ ಇರುತ್ತಿದ್ದಳಲ್ಲ. ನಾನೂ ಅದನ್ನೇ ಕಲಿತಿದ್ದೆ. ಯಾವ ಹಬ್ಬಕ್ಕೆ ತವರಿಗೆ ಬಂದರೂ ಓಡೋಡಿ ಸಿರುಗುಪ್ಪಕ್ಕೆ ಹೋಗಿ, ಅಲ್ಲಿ ಎಲ್ಲರ ಊಟ ಮುಗಿದ ಮನೆ ಸೇರಿ, ಉಳಿದದ್ದನ್ನು ಬಡಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಗಂಡನ ಫೋನು ಬಂತು. "ಎಲ್ಲಿದ್ದಿ? ಬಸ್ ತಪ್ಪಿತೇನು? ನಾವು ನೀರ್ ಹಾಕ್ಕೊಂಡು ಉಂಡುಬಿಡೋಣೇನು?"

ಯಾವಾಗಲೂ ಹೇಳುವ "ಹೂಂ, ಉಂಡುಬಿಡ್ರಿ" ನಾಲಿಗೆಯ ತುದಿಗೆ ಬಂದಿತ್ತು.

"ಹಸಿವಾದ್ರ ಏನಾರ ತಿನ್ನಿರಿ" ಎಂದೆ. "ಹಬ್ಬ ಮಾತ್ರ ನಾ ಬಂದಮ್ಯಾಲೆ."

 ಆ ಕಡೆ ಹಿಂದಿನಿಂದ ಅತ್ತೆ ಏನೋ ಕೇಳುತ್ತಿದ್ದುದು, ಅವರು ಏನೋ ಹೇಳುತ್ತಿದ್ದುದು ಕೇಳಿಸಿತು. ಆಮೇಲೆ ಅವರು, "ಆತು, ಬಾ. ಹಂಡೆ ಒಲಿ ಈಗ ಹಚ್ಚಂಗಿಲ್ಲ" ಎಂದರು.