ಶಬ್ದದ ಹಾಳೆಯಲ್ಲಿ ನಮ್ಮನ್ನು ಬರೆದವರು

ದೆಹಲಿಯಲ್ಲಿಯೂ ಅದರ ಸುತ್ತಲಿನ ಊರುಗಳಲ್ಲಿಯೂ ನಮ್ಮ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು ಹಲವರಿದ್ದಾರೆ. ವ್ಯಾಕರಣ ಕಲಿಸಿದವರಿದ್ದಾರೆ, ಸಂದರ್ಶನಕ್ಕೆ ತಯಾರು ಮಾಡಿದವರಿದ್ದಾರೆ, ದೊಡ್ಡ ದೊಡ್ಡ ಪರೀಕ್ಷೆಗಳನ್ನು ದಾಟಿಸಿದವರಿದ್ದಾರೆ. ಆದರೆ ಆ ಭಾಷೆಯ ಕಠಿಣ ಶಬ್ದಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಶಬ್ದಕ್ಕೊಂದು ಅರ್ಥ, ಅರ್ಥಕ್ಕೊಂದು ಉದಾಹರಣೆಯ ವಾಕ್ಯ ಕೊಟ್ಟು, ಕೇಳಿದವರು ಬದುಕಿರುವ ತನಕ ಮರೆಯದಂತೆ ಮಾಡಿದವರು ಶ್ರೀಮತಿ ವೈಜಯಂತಿ ಮೇಡಂ ಒಬ್ಬರೇ ಎಂದರೆ ಉಳಿದವರಾರೂ ತಪ್ಪು ತಿಳಿಯಲಾರರು. ಅವರು ಈ ತಿಂಗಳು ನಮ್ಮ ತರಬೇತಿ ಕೇಂದ್ರದಿಂದ ನಿವೃತ್ತರಾಗುತ್ತಿದ್ದಾರೆ. ಪ್ರಾಧ್ಯಾಪಕರೂ ಅಧಿಕಾರಿಗಳೂ ಬರೆದಿರುವ ಈ ಅಭಿನಂದನ ಸಂಪುಟದಲ್ಲಿ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೇನು ಕೆಲಸ ಎಂದು ಹಿಂಜರಿದೆ. ನಾನು ಕೇಂದ್ರದ ಬಾಗಿಲು ತೆಗೆದವನು, ಬೋರ್ಡು ಒರೆಸಿದವನು, ಹಾಳೆಗಳನ್ನು ಜೆರಾಕ್ಸ್ ಮಾಡಿ ಹಂಚಿದವನು. ಆದರೆ ಮೇಡಂ ಅವರ ಶಿಷ್ಯೆಯೂ ಈಗ ಅದೇ ಕೇಂದ್ರದ ಶಿಕ್ಷಕಿಯೂ ಆಗಿರುವ, ಈ ಸಂಪುಟದ ಸಂಪಾದಕಿ ಧಾರಿಣಿ ಬಿಡಲಿಲ್ಲ. "ನೀವು ಬರೀರಿ ಈಶ್ವರಪ್ಪ ಅಂಕಲ್, ಕಾಗುಣಿತ ನಾನು ನೋಡ್ಕೋತೀನಿ" ಎಂದಳು. ಬರೆಯಬೇಕಾದದ್ದು ನನ್ನಲ್ಲಿ ಒಂದಿತ್ತು. ಅದಕ್ಕಾಗಿ ಒಪ್ಪಿದೆ.

ನಮ್ಮ ಕೇಂದ್ರ ಓಖ್ಲಾದಲ್ಲಿ, ಒಂದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿದೆ. ಕೆಳಗೆ ಯಂತ್ರ ಓಡಿದರೆ ಮೇಲೆ ಬೆಂಚು ನಡುಗುತ್ತದೆ. ಶನಿವಾರ ಭಾನುವಾರ ಮಾತ್ರ ಪಾಠ. ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವವರು, ವಿಶ್ವವಿದ್ಯಾಲಯಗಳಲ್ಲಿ ಓದುವವರು, ಎಲ್ಲ ಜಾತಿ ಮತದ ನಮ್ಮ ನಾಡಿನ ಹುಡುಗ ಹುಡುಗಿಯರು ಮೆಟ್ರೊ ಹಿಡಿದು ಬರುತ್ತಾರೆ. ಮೇಡಂ ಇಂದಿರಾಪುರಂನಿಂದ ಬರುತ್ತಿದ್ದರು. ಅವರು ಮೊದಲ ಬಾರಿ ಆ ಮೆಟ್ಟಿಲು ಹತ್ತಿ ಬಂದಾಗ ಒಬ್ಬನೇ ಮಗ ಹೃಷಿಕೇಶ್ ಶಾಲೆಯ ಸಮವಸ್ತ್ರದಲ್ಲಿ ಅವರ ಹಿಂದಿದ್ದ. ನನ್ನ ಸ್ಟೂಲಿನ ಮೇಲೆ ಕುಳಿತು ಕಾಲು ಆಡಿಸಿದ.

ಪ್ರತಿ ವಾರ ಮೇಡಂ ಒಂದು ಹಾಳೆ ಸಿದ್ಧಮಾಡಿ ತರುತ್ತಿದ್ದರು. ಅದಕ್ಕೆ ಶಬ್ದದ ಹಾಳೆ ಎಂದೇ ಹೆಸರಾಯಿತು. ಅದಕ್ಕೆ ಅವರು ಒಂದು ಕಟ್ಟಳೆ ಇಟ್ಟುಕೊಂಡಿದ್ದರು: ಉದಾಹರಣೆಯ ವಾಕ್ಯ ನಿಜವಾಗಿರಬೇಕು. ನಮಗೆ ಗೊತ್ತಿರುವ ಯಾರಿಗಾದರೂ ನಡೆದದ್ದಾಗಿರಬೇಕು. "ಸುಳ್ಳು ವಾಕ್ಯದಲ್ಲಿ ಶಬ್ದ ನಿಲ್ಲೋದಿಲ್ಲ, ಜಾರಿ ಹೋಗುತ್ತೆ" ಎನ್ನುತ್ತಿದ್ದರು. ಆದ್ದರಿಂದ ಬಂದವರನ್ನೆಲ್ಲ ಕೇಳುವರು, ನಿನ್ನೆ ಏನಾಯಿತು, ಯಾರ ಮೇಲೆ ಸಿಟ್ಟು ಬಂತು, ಬಾಡಿಗೆ ಮನೆಯವರು ಏನಂದರು ಎಂದು. ಮುಂದಿನ ವಾರ ಅದು ಹಾಳೆಯಲ್ಲಿ ಇರುತ್ತಿತ್ತು. ಒಂದು ಜನವರಿಯಲ್ಲಿ ರಿಲಕ್ಟಂಟ್ ಎಂಬ ಶಬ್ದ ಬಂತು. ಮನಸ್ಸಿಲ್ಲದವನು ಎಂದು ಅರ್ಥ. ಅದರ ಕೆಳಗೆ, ಬೆಳಗಿನ ತಣ್ಣೀರಿಗೆ ಕೈ ಹಾಕಲು ಈಶ್ವರಪ್ಪನವರು ರಿಲಕ್ಟಂಟ್ ಎಂಬ ವಾಕ್ಯ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಮುಂದಿನ ಶನಿವಾರ ಮೇಡಂ ಚೀಲದಿಂದ ನೀರು ಕಾಯಿಸುವ ರಾಡು ತೆಗೆದು ನನ್ನ ಕೈಗಿಟ್ಟು, "ತಗೊಳ್ಳಿ. ನನ್ನ ವಾಕ್ಯ ಹಳೇದಾಯ್ತು, ಬೇರೆ ಬರೀಬೇಕು" ಎಂದರು. ಯಾರ ಕಷ್ಟ ಅವರ ಹಾಳೆಗೆ ಬಂದರೂ ಆ ವಾಕ್ಯವನ್ನು ಹೀಗೆ ಹಳೆಯದು ಮಾಡುವ ತನಕ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

ಹಾಳೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಬಂದವನು ಹೃಷಿಕೇಶ್. ಡಬ್ಬಿಯ ಸೋರೆಕಾಯಿ ಪಲ್ಯವನ್ನು ಬಸ್ಸಿನ ಕಿಟಕಿಯಿಂದ ಎಸೆದವನು, ಕಿತ್ತಳೆಯ ತೊಳೆಯಿಂದ ಬಿಳಿಯ ನಾರನ್ನೆಲ್ಲ ಒಂದೂ ಬಿಡದೆ ಬಿಡಿಸುವವನು, ಕಾಲೇಜಿನ ಮೊದಲ ದಿನ ಅಪ್ಪನ ಅಂಗಿ ಹಾಕಿಕೊಂಡು ಹೋದವನು. ವರ್ಷ ಕಳೆದಂತೆ ಅವನು ಹಾಳೆಯಲ್ಲೇ ಬೆಳೆದ. ಓದು ಮುಗಿಸಿ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಎಂಜಿನಿಯರಾಗಿ ಸೇರಿ ಅಲ್ಲೇ ಕೋಣೆ ಹಿಡಿದ ಮೇಲೆ, ರ‍್ಯಾವನಸ್ ಎಂಬ ಶಬ್ದಕ್ಕೆ, ಅಂದರೆ ವಿಪರೀತ ಹಸಿದವನು ಎಂಬುದಕ್ಕೆ, ಮೇಡಂ ಬರೆದರು: ಶನಿವಾರ ಮಾನೇಸರ್‌ನಿಂದ ಬರುವಾಗ ಹೃಷಿಕೇಶ್ ರ‍್ಯಾವನಸ್ ಆಗಿರುತ್ತಾನೆ, ಶೂ ಬಿಚ್ಚುವ ಮೊದಲೇ ಊಟಕ್ಕೆ ಕೂರುತ್ತಾನೆ. ಅವನ ಮುಖ ನೋಡದ ಹುಡುಗರೂ ಪಾಠ ಶುರುವಾಗುವ ಮುಂಚೆ, "ಮೇಡಂ, ಈ ವಾರ ಹೃಷಿಕೇಶ್ ಏನ್ ಮಾಡಿದ?" ಎಂದು ಕೇಳುವುದು ರೂಢಿಯಾಯಿತು.

ಮೂರು ಚಳಿಗಾಲಗಳ ಹಿಂದೆ, ದಟ್ಟ ಮಂಜಿನ ಒಂದು ಬೆಳಿಗ್ಗೆ, ಹೆದ್ದಾರಿಯಲ್ಲಿ ಒಂದರ ಹಿಂದೊಂದು ವಾಹನಗಳು ಗುದ್ದಿಕೊಂಡವು. ಅದರಲ್ಲಿ ಹೃಷಿಕೇಶ್ ತೀರಿಕೊಂಡ. ಇದಕ್ಕಿಂತ ಹೆಚ್ಚು ನಾನು ಇಲ್ಲಿ ಬರೆಯಲಾರೆ.

ಮೇಡಂ ಮತ್ತೆ ಪಾಠಕ್ಕೆ ಬರುತ್ತಾರೆಂದು ತಿಳಿದಾಗ ಕೇಂದ್ರದ ಮುಖ್ಯಸ್ಥರಾದ ಏಕನಾಥ ಸರ್ ನಮ್ಮನ್ನೆಲ್ಲ ಕರೆದು, ಅವನ ಹೆಸರನ್ನು ಯಾರೂ ಎತ್ತಕೂಡದು ಎಂದರು. ಅವನ ಹೆಸರಿರುವ ಹಳೆಯ ಹಾಳೆಗಳನ್ನೆಲ್ಲ ಕಟ್ಟುಕಟ್ಟಿ ಅಟ್ಟಕ್ಕೆ ಹಾಕಿಸಿದರು. ಅವರು ಮರುಕದಿಂದಲೇ ಮಾಡಿದ್ದು. ನಮಗೆಲ್ಲ ಅದೇ ಸರಿಯೆನಿಸಿತು. ಮೇಡಂ ಬಂದರು, ಎಂದಿನಂತೆ ಸೆರಗು ಸರಿಪಡಿಸಿಕೊಂಡು ಬೋರ್ಡಿನ ಮುಂದೆ ನಿಂತರು, ಪಾಠ ಮಾಡಿದರು. ಆದರೆ ಆ ದಿನ ಅವರು ತಂದ ಹಾಳೆಯಲ್ಲಿ ರಾಜನೊಬ್ಬ ಉದಾರಿಯಾಗಿದ್ದ, ಹಡಗೊಂದು ಬಿರುಗಾಳಿಗೆ ಸಿಕ್ಕಿತ್ತು, ರೈತನೊಬ್ಬ ಕಷ್ಟಪಟ್ಟು ದುಡಿದಿದ್ದ. ನಮಗೆ ಗೊತ್ತಿರುವವರು ಒಬ್ಬರೂ ಇರಲಿಲ್ಲ. ಮುಂದಿನ ವಾರವೂ ರಾಜ, ಹಡಗು. ಯಾರನ್ನೂ ಅವರು ನಿನ್ನೆ ಏನಾಯಿತು ಎಂದು ಕೇಳಲಿಲ್ಲ. ಹೊಸದಾಗಿ ಬಂದವರಿಗೆ ಅವರು ಬಹಳ ತಿಳಿದ ಗಂಭೀರ ಶಿಕ್ಷಕಿಯಾಗಿ ಕಂಡರು. ಹಳಬರಾದ ನಮಗೆ ಮಾತ್ರ, ಮಗನ ಜೊತೆಗೆ ಮೇಡಂ ಅವರ ವಾಕ್ಯಗಳೂ ಹೋದವೆಂದು ತಿಳಿಯಿತು. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಆ ಕಟ್ಟಳೆ ಮುರಿದಂತೆಯೇ ಇವರು ಮೆಟ್ಟಿಲಿಳಿದು ಹೋಗಿಬಿಡುತ್ತಾರಲ್ಲ, ಇನ್ನೊಂದು ನಿಜವಾದ ವಾಕ್ಯವನ್ನು ಇವರ ಕೈಯಿಂದ ನೋಡುತ್ತೇವೋ ಇಲ್ಲವೋ ಎಂಬುದೇ ಧಾರಿಣಿಗೂ ನನಗೂ ದೊಡ್ಡ ಚಿಂತೆಯಾಗಿತ್ತು. ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಕಳೆದ ಮಳೆಗಾಲದ ಒಂದು ಶನಿವಾರ ಜೆರಾಕ್ಸ್ ಯಂತ್ರ ಕೆಟ್ಟಿತು. ತರಗತಿ ತುಂಬಿ ಕುಳಿತಿತ್ತು. ಏಕನಾಥ ಸರ್ ಗಡಿಬಿಡಿಯಲ್ಲಿ ತಾವೇ ಅಟ್ಟದಿಂದ ಒಂದು ಹಳೆಯ ಕಟ್ಟು ಇಳಿಸಿ, ಧೂಳು ಕೊಡವಿ, ಒಳಗೇನಿದೆಯೆಂದು ನೋಡದೆ ಹಂಚಿಬಿಟ್ಟರು. ಮುಂದಿನ ಬೆಂಚಿನಲ್ಲಿ ಕೃತಿ ಎಂಬ ಹೊಸ ಹುಡುಗಿ ಇದ್ದಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಧ, ಹಿಂದಿ ಅರ್ಧ. ಅವಳು ಹಾಳೆ ಓದಿ ಕಿಸಕ್ಕನೆ ನಕ್ಕು, "ಮೇಡಂ, ಯೇ ಹೃಷಿಕೇಶ್ ಹೈ ಕೌನ್, ಯಾರು ಇವನು? ಶೂ ಬಿಚ್ಚೋಕೂ ಮುಂಚೆ ಊಟಕ್ಕೆ ಕೂರ್ತಾನಂತೆ! ಬಿಲ್ಕುಲ್ ನಮ್ಮ ಅಣ್ಣ. ಈ ವೀಕ್ ಏನು ತಿಂದ?" ಎಂದು ಕೇಳಿದಳು.

ಧಾರಿಣಿ ಓಡಿ ಬಂದು ಆ ಹುಡುಗಿಯ ಕೈಯಿಂದ ಹಾಳೆ ಕಸಿದುಕೊಳ್ಳಲು ಹೋದಳು.

"ಬಿಡು ಧಾರಿಣಿ. ಅವಳ ಹತ್ರಾನೇ ಇರ್ಲಿ" ಎಂದರು ಮೇಡಂ. ಆಮೇಲೆ ಕೃತಿಯ ಕಡೆ ತಿರುಗಿ, "ನನ್ನ ಮಗ ಕಣಮ್ಮ. ಈಗಿಲ್ಲ" ಎಂದರು.

"ಸಾರಿ ಮೇಡಂ. ಮುಝೆ ಪತಾ ನಹೀಂ ಥಾ... ಗೊತ್ತಿರ್ಲಿಲ್ಲ, ಸಾರಿ."

"ಸಾರಿ ಯಾಕೆ? ಎಷ್ಟು ದಿನ ಆಗಿತ್ತು ಈ ಕೋಣೇಲಿ ಅವನ ಹೆಸರು ಕೇಳಿ. ಇನ್ನೊಂದ್ ಸಲ ಓದು."

ಹುಡುಗಿ ಆ ವಾಕ್ಯವನ್ನು ಮತ್ತೆ ಓದಿದಳು. ಬಾಗಿಲಲ್ಲಿ ನಿಂತಿದ್ದ ಏಕನಾಥ ಸರ್ ತಲೆ ತಗ್ಗಿಸಿ, "ನಿಮಗೆ ನೋವಾಗಬಾರದು ಅಂತ ನಾವೆಲ್ಲ ಸುಮ್ಮನಿದ್ವಿ ಮೇಡಂ" ಎಂದರು.

"ನಿಮಗೆ ನೋವಾಗಬಾರದು ಅಂತ ನಾನು ಸುಮ್ಮನಿದ್ದೆ ಸರ್" ಎಂದರು ಮೇಡಂ. "ನಾನು ವಾಪಸ್ ಬಂದ ದಿನ ಒಬ್ಬರೂ ಅವನ ಹೆಸರು ಎತ್ತಲಿಲ್ಲ. ಇವರಿಗೆ ಕೇಳೋಕೆ ಆಗಲ್ಲ ಅಂದ್ಕೊಂಡೆ. ಅದಕ್ಕೇ ಆ ರಾಜರನ್ನೆಲ್ಲ ಕರ್ಕೊಂಡು ಬಂದೆ. ಅವತ್ತಿನಿಂದ ಅವರನ್ನ ಸಾಕ್ತಾ ಇದ್ದೀನಿ."

ಯಾರೋ ನಕ್ಕರು, ಆ ನಗುವಿನೊಳಗೇ ಬಿಕ್ಕಿದರು. ಧಾರಿಣಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಒರೆಸಿದ ಬೋರ್ಡನ್ನೇ ಮತ್ತೆ ಒರೆಸಿದೆ.

ಅಂದಿನಿಂದ ಶಬ್ದದ ಹಾಳೆಗೆ ನಾವು ಮತ್ತೆ ಬಂದೆವು, ಹೃಷಿಕೇಶನೂ ಬಂದ. ಆದರೆ ಮೊದಲಿನ ಹಾಗೆ ಪ್ರತಿ ವಾರವಲ್ಲ. ಯಾಕೆಂದು ಒಮ್ಮೆ ಕೃತಿ ಕೇಳಿದಾಗ ಮೇಡಂ ಹೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. "ನಿಮಗೆಲ್ಲ ದಿನಾ ಏನಾದ್ರೂ ಆಗುತ್ತೆ. ಅವನಿಗೆ ಇನ್ನು ಹೊಸದೇನೂ ಆಗಲ್ಲಮ್ಮ. ಇರೋದನ್ನೇ ನೋಡಿ ನೋಡಿ ಬಳಸಬೇಕು, ಒಳ್ಳೇ ಶಬ್ದಕ್ಕೆ ಮಾತ್ರ." ಆಮೇಲೆ ಅವನನ್ನು ಬಲ್ಲವರು ಸಿಕ್ಕಾಗಲೆಲ್ಲ, "ನನಗೆ ಗೊತ್ತಿಲ್ಲದ ಹೃಷಿಕೇಶ್ ನಿಮ್ಮ ಹತ್ರ ಯಾರಾದ್ರೂ ಇದ್ದಾನಾ?" ಎಂದು ಕೇಳುವರು. ನನ್ನನ್ನೂ ಕೇಳಿದರು. ನನ್ನಲ್ಲಿ ಒಬ್ಬನಿದ್ದ. ಆದರೆ ಹೇಳಹೋದವನು ಚಹಾ ತರುತ್ತೇನೆಂದು ಕೆಳಗಿಳಿದುಬಿಟ್ಟೆ. ಬರೆಯುವುದಾದರೆ ಅತ್ತರೂ ಕೈ ನಿಲ್ಲುವುದಿಲ್ಲವೆಂದು ಈ ಸಂಪುಟಕ್ಕಾಗಿ ಕಾದಿಟ್ಟೆ.

ಮೇಡಂ, ತಾವು ರ‍್ಯಾವನಸ್ ಶಬ್ದ ಬರೆದು ಸ್ವಲ್ಪ ಕಾಲವಾಗಿತ್ತು. ಒಂದು ಶನಿವಾರ ಅವನು ಮಾನೇಸರ್‌ನಿಂದ ಬೇಗ ಹೊರಟು, ತಮ್ಮನ್ನು ಕರೆದುಕೊಂಡು ಹೋಗೋಣವೆಂದು ನೇರವಾಗಿ ಕೇಂದ್ರಕ್ಕೇ ಬಂದ. ತಾವು ಒಳಗೆ ಪಾಠ ಮಾಡುತ್ತಿದ್ದಿರಿ. ಹೇಳುತ್ತೇನೆಂದರೆ ಬೇಡವೆಂದು ಮೆಟ್ಟಿಲ ಮೇಲೆ ಕುಳಿತ. ಮುಖ ಬಾಡಿತ್ತು. ನಾನು ಕೆಳಗಿಳಿದು ಚಹಾದ ಭಯ್ಯಾನ ಹತ್ತಿರ ಬಿಸಿ ಬ್ರೆಡ್ ಪಕೋಡ ಕಟ್ಟಿಸಿ ತಂದು ಕೊಟ್ಟೆ. ಅವನು ಮೂಸಿ ನೋಡಿ, ನಕ್ಕು, ನನ್ನ ಕೈಗೇ ವಾಪಸು ಕೊಟ್ಟ.

"ಬೇಡ ಅಂಕಲ್. ಈಗ ತಿಂದ್ರೆ ಮನೇಲಿ ಊಟ ಸೇರಲ್ಲ. ಅಮ್ಮ ಹಾಳೇಲಿ ಬರೆದುಬಿಟ್ಟಿದ್ದಾಳಲ್ಲ, ಅವಳ ವಾಕ್ಯ ಸುಳ್ಳಾಗಿಬಿಡುತ್ತೆ."

"ಹಸಿವಾಗಿದೆ ಅಲ್ಲಪ್ಪ?"

"ತುಂಬಾ. ಶನಿವಾರ ಅಂದ್ರೆ ಮಧ್ಯಾಹ್ನಾನೂ ತಿನ್ನಲ್ಲ ನಾನು. ಅಮ್ಮನಿಗೆ ಹೇಳಬೇಡಿ, ಬೈತಾಳೆ."

ಪಾಠ ಮುಗಿಯುವ ತನಕ ಅವನು ಗೋಡೆಗೆ ತಲೆಯೊರಗಿಸಿ ತಮ್ಮ ದನಿಯನ್ನು ಕೇಳುತ್ತ ಕುಳಿತಿದ್ದ. ಹೇಳಬೇಡಿ ಎಂದಿದ್ದ, ಇಷ್ಟು ದಿನ ಹೇಳಲಿಲ್ಲ. ಬೈಸಿಕೊಳ್ಳಲು ಅವನಿಲ್ಲದಿರುವಾಗ ಇನ್ನು ಹೇಳಬಹುದೆಂದುಕೊಂಡಿದ್ದೇನೆ.

ತಾವು ಇಂದಿರಾಪುರಂನ ಮನೆಯಲ್ಲೇ ಭಾನುವಾರಗಳ ಪಾಠ ಮುಂದುವರಿಸುವಿರೆಂದು ಕೇಳಿ ಸಂತೋಷವಾಗಿದೆ. ತಮಗೂ ತಮ್ಮ ಯಜಮಾನರಾದ ಅನಂತಮೂರ್ತಿ ರಾಯರಿಗೂ ಭಗವಂತನು ಆರೋಗ್ಯವನ್ನೂ ಆಯುಷ್ಯವನ್ನೂ ಧಾರಾಳವಾಗಿ ಕೊಡಲಿ. ತಾಯಿಯ ಮಾತು ನಿಜವಾಗಿಯೇ ಇರಲೆಂದು ಹಸಿದು ಮೆಟ್ಟಿಲ ಮೇಲೆ ಕುಳಿತವನಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು. ಅವಸರವೇನಿಲ್ಲ, ನಿಧಾನವಾಗಿ ಹುಡುಕಿ. ಸಿಕ್ಕಿದ ದಿನ ಹಾಳೆ ಬರೆದು ಕಳುಹಿಸಿ ಮೇಡಂ, ಜೆರಾಕ್ಸ್ ನಾನು ಮಾಡಿಕೊಡುತ್ತೇನೆ.