ಅಣ್ಣ ತಂದ ರೋಟರಿ ಎಂಜಿನ್
ಮೂವತ್ತು ವರ್ಷ ಗ್ಯಾರೇಜಿನಲ್ಲಿ ದುಡಿದ ಆಕೆಯನ್ನು ಎಲ್ಲರೂ ಕಿವಿಯಕ್ಕ ಎನ್ನುತ್ತಿದ್ದರು. ರೋಟರಿ ಎಂಜಿನ್ನಿನ ಕಂಪ್ರೆಷನ್, ಅಂದರೆ ಒಳಗೆ ಗಾಳಿ ಎಷ್ಟು ಒತ್ತಾಗಿ ಅದುಮುತ್ತದೆ ಎಂಬುದನ್ನು ನೋಡಲು ಆಕೆಗೆ ಗೇಜ್ ಬೇಕಿರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸ್ಟಾರ್ಟರ್ ತಿರುಗಿಸಿದರೆ ಒಳಗೆ ಸುತ್ತುವ ಮುಕ್ಕೋನದ ರೋಟರಿನ ಮೂರು ಮುಖಗಳೂ ಒಂದರ ಹಿಂದೊಂದು ಒಂದೇ ಸಮ ‘ಫುಸ್’ ಎನ್ನಬೇಕು, ಅಷ್ಟೆ.

ಅಣ್ಣ ತನ್ನ ಹಳೆಯ ಕಾರನ್ನು ಆಕೆಗೇ ಮಾರಲು ತಂದ ದಿನ ಮೂರು ಸದ್ದೂ ಅಚ್ಚುಕಟ್ಟಾಗಿ ಕೇಳಿದವು. ಅಷ್ಟು ಓಡಿದ ಎಂಜಿನ್ನಿಗೆ ಇದು ಅತಿಯಾಯಿತು ಎನಿಸಿ ಪ್ಲಗ್ ಒರೆಸಿದಳು. ಬಟ್ಟೆಗೆ ಹೊಸ ಎಣ್ಣೆ ಹತ್ತಿತು. ರೋಟರಿನ ತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ಸೀಲ್ ಸವೆದಿದ್ದರೆ ಅದರ ಸಂದನ್ನು ಎಣ್ಣೆ ತುಸು ಹೊತ್ತು ಮುಚ್ಚಿಡುತ್ತದೆ.

“ಒಂದು ಸುತ್ತು ಹೋಗಿ ಬರೋಣ ನಡಿ, ಅಣ್ಣ.”

“ಒಡಹುಟ್ಟಿದವನ ಮೇಲೂ ಅನುಮಾನಾನಾ?”

“ನಿನ್ನ ಮೇಲಲ್ಲ, ಎಂಜಿನ್ ಮೇಲೆ,” ಎಂದಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅರ್ಧ ಗಂಟೆ ಓಡಿಸಿದರು. ಒಳಗಿನ ಎಣ್ಣೆ ಉರಿದು ಹಿಂದೆ ನೀಲಿ ಹೊಗೆ ಎದ್ದಿತು. ಮರಳಿ ಬಂದು ಬಿಸಿ ಎಂಜಿನ್ ತಿರುಗಿಸಿದಾಗ ಒಂದು ಸದ್ದು ಮಾತ್ರ ಜೋರಾಗಿತ್ತು, ಉಳಿದೆರಡು ಸೊರಗಿದ್ದವು.

“ಎಷ್ಟು ಎಣ್ಣೆ ಬಿಟ್ಟೆ?”

“ಎರಡು ಚಮಚ ಕಣೇ,” ಎಂದು ಅಣ್ಣ ತಲೆ ತಗ್ಗಿಸಿದ.

ಆಕೆ ಕಾರು ಕೊಳ್ಳಲಿಲ್ಲ. ಎಂಜಿನ್ ಬಿಚ್ಚಿ ಸೀಲ್ ಬದಲಿಸಿಕೊಟ್ಟಳು. ಸ್ಪಾನರ್ ಕೊಡುತ್ತಾ ಪಕ್ಕದಲ್ಲಿ ನಿಂತಿದ್ದ ಅಣ್ಣನ ಕೈಗಳ ಮೇಲೆ ಮಾತ್ರ ಸಂಜೆಯವರೆಗೂ ಒಂದು ಕಣ್ಣಿಟ್ಟಿದ್ದಳು.