ಮೊಮ್ಮಗಳ ಮಾತಿನ ನೋಟ್‌ಬುಕ್

ಮಕ್ಕಳು ಮಾತು ಕಲಿಯುವುದನ್ನು ಅಧ್ಯಯನ ಮಾಡುವ ಮೇಡಂ ಒಬ್ಬರು ಸಿಂಧನೂರಿನ ನಮ್ಮ ಮನೆಗೆ ಬಂದು, ಮೊಮ್ಮಗಳು ಹೊಸದಾಗಿ ಆಡುವ ಮಾತನ್ನೆಲ್ಲ ಬರೆದಿಡಿ ಎಂದು ನೋಟ್‌ಬುಕ್ ಕೊಟ್ಟಿದ್ದರು. ಮಗ, ಸೊಸೆ ಕೆಲಸಕ್ಕೆ ಹೋದರೆ ಕೂಸು ಇಡೀ ದಿನ ಪಕ್ಕದ ಮನೆಯ ಮುಸಲ್ಮಾನ ಹೆಣ್ಣುಮಗಳ ಮಡಿಲಲ್ಲೇ ಇರುತ್ತಿತ್ತು. ಆಕೆಯನ್ನು ನಾನು ತಂಗಿ ಎನ್ನುತ್ತೇನೆ. ಆಕೆಯ ಮನೆಮಾತು ದಖನಿ ಉರ್ದು. ಕೂಸು ನೀರಿಗೆ ಮೊದಲು ಅಂದದ್ದೂ 'ಪಾನಿ'. ಅದನ್ನು ನಾನು ಬರೆಯಲಿಲ್ಲ. ಬೀಗರು ಓದಿದರೆ ಏನಂದಾರು ಎಂದು ನಾಚಿಕೊಂಡು ಕನ್ನಡದ ಮಾತುಗಳನ್ನಷ್ಟೇ ಬರೆದು ಕೊಟ್ಟೆ.

ಹೋದ ವರ್ಷ ಲಿಂಗಸುಗೂರಿನ ಕಾಲೇಜಿನಲ್ಲಿ ಭಾಷೆಯ ವಿಚಾರ ಸಂಕಿರಣ ನಡೆಯಿತು. ಮೇಡಂ ನನ್ನನ್ನೂ ಕರೆದರು. ತಂಗಿ ಹೊಸ ಸೀರೆ ಉಟ್ಟು ತಾನೂ ಬಸ್ ಹತ್ತಿದಳು.

"ನನ್ನ ಕೂಸಿನ ಮಾತು ದೊಡ್ಡ ಮಂದಿ ಕೇಳ್ತಾರಂತ, ನಾ ಬರದ ಇರ್ತೀನೇನ್ರೀ ಅಣ್ಣಾ?" ಎಂದು ಮಸ್ಕಿ ದಾಟುವವರೆಗೂ ನಗುತ್ತಿದ್ದಳು.

ಮೇಡಂ ಪರದೆಯ ಮೇಲೆ ನನ್ನ ಬರಹ ತೋರಿಸಿ, "ಈ ಮಗು ಕನ್ನಡವೊಂದನ್ನೇ ಕೇಳಿ ಬೆಳೆದಿದೆ" ಎಂದರು.

ತಂಗಿ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಹಂಗಾರ ನಾ ಎರಡು ವರ್ಷ ಮೂಕಿ ಆಗಿದ್ದೆನೇನ್ರೀ?"

ಪ್ರಶ್ನೆಗಳ ಹೊತ್ತಿಗೆ ನಾನು ಎದ್ದು ನಿಂತು, ಮುಚ್ಚಿಟ್ಟದ್ದನ್ನೆಲ್ಲ ಹೇಳಿದೆ. ಮೇಡಂ ಬೈಯಲಿಲ್ಲ. ಪೆನ್ನು ಹಿಡಿದು ಬಂದು ತಂಗಿಯ ಪಕ್ಕ ಕೂತರು. ಅವರು ಕೇಳಿದ್ದಕ್ಕೆಲ್ಲ ಆಕೆ ಉತ್ತರ ಹೇಳಿದಳು.

ಬರುವಾಗ ಬಸ್ಸಿನಲ್ಲಿ ಆಕೆ ಮುಂದಿನ ಸೀಟಿಗೆ ಹೋಗಿ ಕೂತಳು. ನಾನು ಕರೆಯಲಿಲ್ಲ. ಕರೆಯಲು ನನಗೆ ಮುಖ ಇರಲಿಲ್ಲ.